‘ಬಿಡು’ ಅಂದವರು ಯಾರು?

ಅಮೆರಿಕದ ಸ್ಯಾಂಟಾ ಕ್ಲಾರಿಟಾದ ಆ ಬೇಸ್‌ಬಾಲ್ ಮೈದಾನದಲ್ಲಿ ಅಂಪೈರ್ ಆಟ ನಿಲ್ಲಿಸಿ, ಮುಖದ ಜಾಲರಿಯನ್ನು ನೆತ್ತಿಗೇರಿಸಿಕೊಂಡು ನನ್ನ ಕಡೆಗೇ ನಡೆದು ಬಂದಾಗ ನಾನು ಕ್ಯಾಮೆರಾದ ಬ್ಯಾಟರಿ ಬದಲಿಸುತ್ತಿದ್ದೆ. ಬ್ಯಾಟ್ಸ್‌ಮನ್ ಹಿಂದಿನ ದೊಡ್ಡ ಬಲೆಯ ಈಚೆ ನಮ್ಮ ಕಡೆಯ ಮುಖಗಳು ಎರಡೇ. ಒಂದು ನನ್ನದು. ಇನ್ನೊಂದು, ಆಗ ಬ್ಯಾಟ್ ಹಿಡಿದು ನಿಂತಿದ್ದ ಹುಡುಗನ ಅಪ್ಪನದು. ಅವರು ಬಲೆಗೆ ಬೆರಳು ಸಿಕ್ಕಿಸಿಕೊಂಡು ಮೊದಲಿನಿಂದಲೂ ಒಂದೇ ಮಾತು ಕೂಗುತ್ತಿದ್ದರು.

‘ಈ ಮನುಷ್ಯ ಪ್ರತಿ ಚೆಂಡಿಗೂ ಏನೋ ಅನ್ನುತ್ತಾನೆ. ನಿಮಗೆ ಆ ಭಾಷೆ ಬರುತ್ತಾ?’ ಎಂದ ಅಂಪೈರ್.

ಬರುತ್ತದೆ ಎಂದೆ. ಬರುವುದಿಲ್ಲ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

‘ಏನಂತಾನೆ?’

‘ಬಿಡು ಅಂತಾರೆ. ಅಂದರೆ, ಲೀವ್ ಇಟ್.’

ಅಂಪೈರನ ಬೆನ್ನಿಗೇ ಬಂದಿದ್ದ ಎದುರು ತಂಡದ ಕೋಚ್ ಎರಡೂ ಕೈ ಮೇಲೆತ್ತಿದ. ‘ನಾನು ಹೇಳಲಿಲ್ಲವಾ? ನಮ್ಮ ಕ್ಯಾಚರ್ ಕೈಗವಸು ಎಲ್ಲಿ ಹಿಡಿಯುತ್ತಾನೆ ಅಂತ ಹಿಂದಿನಿಂದ ನೋಡಿ, ಮಗನಿಗೆ ಅವರ ಭಾಷೆಯಲ್ಲಿ ಹೇಳಿಕೊಡುತ್ತಿದ್ದಾನೆ. ಹುಡುಗನ ಕಣ್ಣು ಚೆನ್ನಾಗಿದೆಯಂತೆ! ಅದು ಅಪ್ಪನ ಕಣ್ಣು.’ ಕ್ಯಾಚರ್ ಅಂದರೆ ಕ್ರಿಕೆಟ್ಟಿನ ವಿಕೆಟ್ ಕೀಪರ್ ಇದ್ದ ಹಾಗೆ, ಚೆಂಡು ಎಸೆಯುವ ಪಿಚರ್‌ಗೆ ಗುರಿ ತೋರಿಸಲು ಕೈಗವಸನ್ನು ಮೊದಲೇ ಹಿಡಿದಿರುತ್ತಾನೆ. ಅಂಪೈರ್ ಆ ತಂದೆಯನ್ನು ಬಲೆಯ ಹಿಂದಿನಿಂದ ಸರಿಸಿ, ಮೈದಾನದ ಕೊನೆಯ ಬೇಲಿಯ ಹತ್ತಿರ ಹೋಗಿ ನಿಲ್ಲುವಂತೆ ಹೇಳಿದ. ಅವರು ತಲೆ ತಗ್ಗಿಸಿಕೊಂಡು ಹೋದರು.

ಈ ‘ಬಿಡು’ ಅನ್ನುವ ಮಾತನ್ನು ಇಂಗ್ಲಿಷಿಗೆ ತರುವುದು ಎಷ್ಟು ಕಷ್ಟವೆಂದು ಅಲ್ಲಿಯತನಕ ನನಗೆ ಗೊತ್ತಿರಲಿಲ್ಲ. ಹೋಗ್ಲಿ ಬಿಡು ಅಂದರೆ ಸಮಾಧಾನ. ಹೊಡೀತಾನೆ ಬಿಡು ಅಂದರೆ ಭರವಸೆ. ಸಾಕು ಬಿಡು ಅಂದರೆ ಬೇಜಾರು. ಬರೀ ಬಿಡು ಅಂದರೆ ಮಾತ್ರ, ಮುಟ್ಟಬೇಡ. ನಾನು ಆತುರಕ್ಕೆ ಈ ಕೊನೆಯದನ್ನು ಎತ್ತಿಕೊಟ್ಟಿದ್ದೆ, ಮತ್ತು ಕೆಟ್ಟದ್ದೇನೆಂದರೆ, ಅವತ್ತಿನ ಮಟ್ಟಿಗೆ ಅದೇ ಸರಿಯಾದ ಅರ್ಥವಾಗಿತ್ತು.

ಇದು 2015ರ ವಸಂತದ ಮಾತು. ವಾರದ ದಿನಗಳಲ್ಲಿ ಗ್ಲೆಂಡೇಲಿನ ಒಂದು ಆಫೀಸಿನಲ್ಲಿ ಕೆಲಸ. ಬಿಡುವು ಸಿಕ್ಕಾಗೆಲ್ಲ ಒಂದು ವೃತ್ತಿಪರ ಬೇಸ್‌ಬಾಲ್ ಕ್ಲಬ್ಬಿಗಾಗಿ ಹೈಸ್ಕೂಲ್ ಹುಡುಗರ ಆಟವನ್ನು ವಿಡಿಯೋ ಮಾಡಿ, ಅವರ ಕಸುಬಿನ ಬಗ್ಗೆ ರಿಪೋರ್ಟ್ ಕೊಡುವುದು. ಇದಕ್ಕೆ ಸ್ಕೌಟಿಂಗ್ ಅಂತಾರೆ. ನಮ್ಮ ಭಾಗದ ಹಿರಿಯ ಸ್ಕೌಟ್ ನನ್ನ ಮೇಲಿನವರು. ಬೆಂಗಳೂರಿನ ಹೆಂಗಸಿಗೆ ಬೇಸ್‌ಬಾಲ್ ಹುಚ್ಚು ಹೇಗೆ ಹತ್ತಿತು ಎಂದು ಕೇಳುವವರಿಗೆ, ಹುಚ್ಚಿಗೆ ಊರಿಲ್ಲ ಎಂದಷ್ಟೇ ಹೇಳುತ್ತೇನೆ.

ಆ ಹುಡುಗ ವುಡ್‌ಲ್ಯಾಂಡ್ ಹಿಲ್ಸ್ ಕಡೆಯವನು, ಹೈಸ್ಕೂಲಿನ ಕೊನೆಯ ವರ್ಷ. ಅಪ್ಪ ಬಾಗಲಕೋಟೆಯವರು, ಸೇತುವೆಗಳ ಇಂಜಿನಿಯರ್. ಹುಡುಗನ ಓಟ ಸಾಧಾರಣ, ಎಸೆತ ಪರವಾಗಿಲ್ಲ, ಮೈಕಟ್ಟು ನೋಡಿ ಯಾರೂ ತಿರುಗಿ ನೋಡುವುದಿಲ್ಲ. ಅವನಲ್ಲಿ ಇದ್ದದ್ದು ಒಂದೇ: ಬಿಡುವುದು. ಬ್ಯಾಟ್ಸ್‌ಮನ್ ಮುಂದೆ ನೆಲದಲ್ಲಿ ಹುದುಗಿಸಿದ ಬಿಳಿ ಪ್ಲೇಟಿನ ಮೇಲೆ ಬರುವ ಚೆಂಡನ್ನು ಹೊಡೆಯುತ್ತಿದ್ದ, ಒಂದು ಬೆರಳು ಆಚೆ ಹೋದರೂ ಮುಟ್ಟುತ್ತಿರಲಿಲ್ಲ. ಕ್ರಿಕೆಟ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಫ್ ಸ್ಟಂಪಿನ ಆಚೆ ಹೋಗುವ ಚೆಂಡಿಗೆ ಬ್ಯಾಟ್ ಎತ್ತಿ ನಿಲ್ಲುವವನೇ ದಿನವಿಡೀ ಆಡುತ್ತಾನೆ. ಬೇಸ್‌ಬಾಲಿನಲ್ಲಂತೂ ಅಂಥ ನಾಲ್ಕು ಚೆಂಡು ಬಿಟ್ಟರೆ, ಹೊಡೆದು ಓಡಿ ಮುಟ್ಟಬೇಕಾದ ಮೊದಲ ಬೇಸ್ ಪುಕ್ಕಟೆ. ಹೊಡೆದದ್ದು ಮೈದಾನಕ್ಕೆಲ್ಲ ಕಾಣಿಸುತ್ತದೆ, ಬಿಟ್ಟದ್ದು ಹುಡುಕಿದವರಿಗೆ ಮಾತ್ರ. ನಾನು ಹುಡುಕಿದ್ದೆ, ಒಳ್ಳೆ ಕಣ್ಣಿದೆ ಎಂದು ಬರೆದಿದ್ದೆ, ಮತ್ತು ಆ ರಿಪೋರ್ಟಿನ ಬಗ್ಗೆ ಸ್ವಲ್ಪ ಹೆಮ್ಮೆಯನ್ನೂ ಪಟ್ಟಿದ್ದೆ.

ಆಟ ಮುಗಿಯುವ ಮೊದಲೇ ಸುದ್ದಿ ಹಿರಿಯ ಸ್ಕೌಟ್ ಕಿವಿಗೆ ಮುಟ್ಟಿತ್ತು. ಫೋನ್ ಬಂತು. ಮನುಷ್ಯ ಟೆಕ್ಸಸ್ ಕಡೆಯವರು, ಸೂರ್ಯಕಾಂತಿ ಬೀಜ ಅಗಿಯುತ್ತಲೇ ಮಾತಾಡುತ್ತಾರೆ. ‘ಸ್ಯಾನ್ ಡಿಯಾಗೋ ಟ್ರಯಲ್ಸಿಗೆ ನಮ್ಮ ಭಾಗದಿಂದ ಇನ್ನೊಬ್ಬನಿಗೆ ಮಾತ್ರ ಜಾಗ ಇದೆ. ನಿನ್ನ ಹುಡುಗನ ಹೆಸರು ಬರೆಯೋಣ ಅಂತಿದ್ದೆ. ಆ ಕಣ್ಣು ಅವನದೋ ಅಪ್ಪನದೋ ಮೊದಲು ಹೇಳು. ಅಪ್ಪನದಾದರೆ ನಾವಷ್ಟೇ ಅಲ್ಲ, ಯಾವ ಕ್ಲಬ್ಬೂ ಅವನ ಹತ್ತಿರ ಸುಳಿಯುವುದಿಲ್ಲ.’

ಅದು ನಿಜವೇ. ಈ ವಲಯದಲ್ಲಿ ಸ್ಕೌಟುಗಳು ಒಬ್ಬರನ್ನೊಬ್ಬರು ದ್ವೇಷಿಸಿದರೂ ಗಾಳಿಸುದ್ದಿಯನ್ನು ಮಾತ್ರ ಹಂಚಿಕೊಂಡು ತಿನ್ನುತ್ತಾರೆ. ಹುಡುಗನಿಗೆ ಇದ್ದ ಒಂದೇ ಆಸ್ತಿಗೆ ಕಳಂಕ ಹತ್ತಿತ್ತು, ಅದನ್ನು ಹತ್ತಿಸಿದ್ದು ನನ್ನ ಅನುವಾದ.

ಕಾರಿಗೆ ಕ್ಯಾಮೆರಾ ತುಂಬುತ್ತಿದ್ದಾಗ ತಂದೆ ಬಂದರು.

‘ಅಕ್ಕಾರ, ನೀವು ಕನ್ನಡದವ್ರು ಅಂತ ಗೊತ್ತಿದ್ರ ನಾ ಬಾಯಿ ಮುಚ್ಕೊಂಡು ನಿಂದರ್ತಿದ್ದೆ’ ಎಂದರು. ಸಿಟ್ಟಿರಲಿಲ್ಲ, ಅವಮಾನವಿತ್ತು.

‘ಸಾರ್, ನೇರವಾಗಿ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಕ್ಯಾಚರ್ ಕೈ ನೋಡಿ ನೀವು ಅವನಿಗೆ ಹೇಳಿಕೊಡ್ತಿದ್ರಾ?’

‘ಏನ್ ಹೇಳಿಕೊಡ್ಲಿರಿ? ಈ ಆಟ ನನಗ ಇನ್ನೂ ಪೂರಾ ತಿಳಿದಿಲ್ಲ. ಅಂವಾ ಸಣ್ಣಾಂವ ಇದ್ದಾಗ ಮನಿ ಹಿಂದ ಟೆನಿಸ್ ಬಾಲ್ ಒಗಿತಿದ್ದೆ. ಹೊರಗ ಹೊಂಟಿದ್ದಕ್ಕ ಬಿಡೋ ಅಂತಿದ್ದೆ. ಅದು ಬಾಯಿಗೆ ಹತ್ತಿಬಿಟ್ಟೈತ್ರಿ. ಟಿವಿ ಮುಂದ ಕುಂತ್ರೂ ಹಂಗ ಅಂತೀನಿ.’ ಕ್ಯಾಮೆರಾದ ಸ್ಟ್ಯಾಂಡನ್ನು ತಾವೇ ಎತ್ತಿ ಕಾರಿನಲ್ಲಿಟ್ಟರು. ‘ಖರೇ ಹೇಳಬೇಕಂದ್ರ ನನಗೂ ಅಂಜಿಕಿ ಐತಿ. ನನ್ನ ದನಿ ಕೇಳಿನ ಅಂವಾ ಬಿಡ್ತಾನೋ ಏನೋ. ಹಂಗಿದ್ರ ಮಗನ ಆಟ ನಾನ ಕೆಡಿಸಿದಂಗ ಆತಲ್ರಿ.’

ನೋಡೋಣ ಸಾರ್ ಎಂದೆ. ನಮ್ಮಲ್ಲಿ ಏನೂ ತೋಚದಾಗ ಹೇಳುವ ಮಾತು ಅದು.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹಳೆಯ ವಿಡಿಯೋಗಳನ್ನೆಲ್ಲ ತೆಗೆದೆ. ಲೆಕ್ಕಾಚಾರ ಸುಲಭ ಅನ್ನಿಸಿತ್ತು. ಹುಡುಗ ಹೊಡೆಯಲು ಹೊರಟವನು ಚೆಂಡನ್ನು ಬಿಡುವಾಗ ಅವನ ಮುಂದಿನ ಭುಜ ಒಂದು ಕ್ಷಣ ಗಕ್ಕನೆ ನಿಲ್ಲುತ್ತದೆ. ಚಿತ್ರವನ್ನು ಒಂದೊಂದೇ ಫ್ರೇಮ್ ಸರಿಸುತ್ತ ಆ ಕ್ಷಣವನ್ನು ಗುರುತು ಮಾಡುವುದು. ಕೆಳಗಿನ ಧ್ವನಿಯ ಗೆರೆಯಲ್ಲಿ ಅಪ್ಪನ ‘ಬಿಡು’ ಎಲ್ಲಿ ಬಿತ್ತು ಎಂದು ನೋಡುವುದು. ಮಾತು ಮೊದಲೋ, ಭುಜ ಮೊದಲೋ? ಭುಜ ಮೊದಲಾದರೆ ಹುಡುಗ ಗೆದ್ದ.

ಎರಡೂ ಸಿಕ್ಕವು. ಹೆಚ್ಚಿನ ಚೆಂಡುಗಳಲ್ಲಿ ಭುಜ ಮೊದಲು. ಆದರೆ ಕೆಲವು ಕಡೆ ಕ್ಯಾಚರ್ ಕೈಗವಸನ್ನು ತೀರ ಆಚೆಗೆ ಸರಿಸಿದ್ದ, ಅಲ್ಲಿ ಚೆಂಡು ಪಿಚರ್ ಕೈ ಬಿಡುವ ಮೊದಲೇ ಅಪ್ಪ ಬಾಯಿ ಬಿಟ್ಟಿದ್ದರು. ಎದುರು ಕೋಚ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ತಂದೆಗೇ ಗೊತ್ತಿಲ್ಲದಂತೆ ಅವರ ಕಣ್ಣು ಆ ಕೈಗವಸನ್ನು ನೋಡುತ್ತಿತ್ತು. ಹುಡುಗ ಅದನ್ನು ಕೇಳಿ ಬಿಟ್ಟನೋ, ತಾನೇ ನೋಡಿ ಬಿಟ್ಟನೋ, ಫ್ರೇಮಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಇಂಥ ವಿಡಿಯೋ ಕಳಿಸಿದರೆ ಹಿರಿಯರು ಆ ಕೆಲವು ಚೆಂಡುಗಳನ್ನೇ ಹಿಡಿದುಕೊಳ್ಳುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಆಗ ನನಗೊಂದು ಜಾಣತನ ಹೊಳೆಯಿತು. ಮುಂದಿನ ಆಟಕ್ಕೆ ತಂದೆ ಎಂದಿನ ಜಾಗದಲ್ಲೇ ನಿಲ್ಲಲಿ, ಬಾಯಿ ಮಾತ್ರ ಬಿಚ್ಚದಿರಲಿ. ಹುಡುಗನಿಗೆ ಹೇಳುವುದು ಬೇಡ, ಹೇಳಿದರೆ ಪರೀಕ್ಷೆ ಪರೀಕ್ಷೆಯಾಗಿ ಉಳಿಯುವುದಿಲ್ಲ. ತಂದೆ ಒಪ್ಪಿದರು. ಹಿರಿಯ ಸ್ಕೌಟನ್ನೂ ಬನ್ನಿ ಎಂದು ಕರೆದೆ. ಕರೆಯಬಾರದಿತ್ತು.

ಅವತ್ತು ತಂದೆ ಶುಂಠಿ ಪೆಪ್ಪರ್‌ಮೆಂಟನ್ನು ದವಡೆಗೆ ಒತ್ತಿಕೊಂಡು, ತುಟಿ ಬಿಗಿದುಕೊಂಡು ನಿಂತರು. ಹುಡುಗ ಮೊದಲ ಸಲ ಆಡಲು ಬಂದು, ಮಣ್ಣಿಗೆ ಬಿದ್ದ ಚೆಂಡಿಗೂ ಬ್ಯಾಟ್ ಬೀಸಿ ಔಟಾದ. ಎರಡನೇ ಸಲ ತಲೆಯ ಮೇಲೆ ಹೋದದ್ದಕ್ಕೆ ಬೀಸಿದ. ನಾನು ಅವನನ್ನು ನೋಡಲು ಶುರು ಮಾಡಿದ ಮೇಲೆ ಅಷ್ಟು ಕೆಟ್ಟದಾಗಿ ಎಂದೂ ಆಡಿರಲಿಲ್ಲ. ಹಿರಿಯರು ಬೀಜದ ಸಿಪ್ಪೆ ಉಗುಳಿ, ‘ಉತ್ತರ ಸಿಕ್ಕಿತಲ್ಲ’ ಎಂದು ಎದ್ದು ಹೋದರು. ಬಲೆಯ ಹತ್ತಿರ ನಿಂತ ತಂದೆಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಆಟ ಮುಗಿದದ್ದೇ ಹುಡುಗ ಓಡಿ ಬಂದ. ಈಚೆಗೆ ಪರಿಚಯವಾದ ಮೇಲೆ ನನ್ನ ಕನ್ನಡಕ್ಕೆ ಅವನು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ. ‘ಆಂಟಿ, ಈಸ್ ಮೈ ಡ್ಯಾಡ್ ಓಕೆ?’

‘ಯಾಕೋ? ಏನಾಯ್ತು?’

ಅಪ್ಪ ಎದೆನೋವು ಬಂದವರ ಹಾಗೆ ಬಲೆ ಹಿಡಿದುಕೊಂಡು ನಿಂತಿದ್ದರು, ಒಂದು ಮಾತೂ ಆಡಲಿಲ್ಲ, ಪ್ರತಿ ಚೆಂಡಿಗೂ ಮೊದಲು ತಾನು ತಿರುಗಿ ನೋಡುತ್ತಿದ್ದೆ, ಆಂಬ್ಯುಲೆನ್ಸ್ ಕರೆಯಿರಿ ಎಂದು ಕೋಚಿಗೆ ಹೇಳುವುದರಲ್ಲಿದ್ದೆ ಎಂದ.

ನನಗೆ ನಗು ಬರಬೇಕಿತ್ತು, ಅಳು ಬಂತು. ಸಾರಿಗೆ ಉಪ್ಪು ಕಮ್ಮಿಯಾಗಿದೆಯೋ ನೋಡಲು ಹೋಗಿ ಒಲೆಯನ್ನೇ ಆರಿಸಿದ್ದೆ. ಬಾಗಲಕೋಟೆಯ ಅಪ್ಪ ಮೈದಾನದಲ್ಲಿ ಮೌನವಾಗಿ ನಿಂತರೆ ಮಗ ಆಟ ಮರೆಯದೆ ಇನ್ನೇನು ಮಾಡುತ್ತಾನೆ? ಅಪ್ಪನ ಸದ್ದನ್ನು ತೆಗೆದು ಮಗನ ಕಣ್ಣು ಅಳೆಯುತ್ತೇನೆಂದು ಹೊರಟವಳು ಅಳೆದದ್ದು ಮಗನ ಗಾಬರಿಯನ್ನು.

ಅಲ್ಲೇ, ಆ ಬೆಂಚಿನ ಮೇಲೆ, ಇನ್ನು ಮುಚ್ಚುಮರೆ ಬೇಡ ಎಂದು ತೀರ್ಮಾನಿಸಿದೆ. ತಂದೆಯನ್ನು ಕರೆದು ಕೂರಿಸಿಕೊಂಡು, ಗಾಳಿಸುದ್ದಿಯಿಂದ ಹಿಡಿದು ನನ್ನ ಜಾಣ ಪರೀಕ್ಷೆಯವರೆಗೆ ಎಲ್ಲವನ್ನೂ ಹುಡುಗನ ಮುಂದೆ ಹೇಳಿಬಿಟ್ಟೆ. ಅವನು ಕೇಳಿಸಿಕೊಂಡು ಅಪ್ಪನ ಕಡೆ ನೋಡಿದ, ನನ್ನ ಕಡೆ ನೋಡಿದ. ‘ನೀವಿಬ್ಬರೂ ನನ್ನನ್ನೇ ಕೇಳಬಹುದಿತ್ತು’ ಎಂದ. ಇಂಗ್ಲಿಷಿನಲ್ಲಿ ಹೇಳಿದರೂ ಕನ್ನಡದಷ್ಟೇ ಚುರುಕಾಗಿ ತಾಗಿತು.

ಕೇಳುವುದಕ್ಕೆ ಒಂದು ದಾರಿ ಇತ್ತು. ಪಿಚರುಗಳು ಅಭ್ಯಾಸಕ್ಕೆ ಎಸೆಯುವಾಗ ಹುಡುಗ ಬ್ಯಾಟ್ ಹಿಡಿದು ಎದುರಿಗೆ ನಿಲ್ಲುವುದು, ಬೀಸುವುದಿಲ್ಲ. ಚೆಂಡು ಕೈ ಬಿಟ್ಟ ಮೇಲೆ ಅದು ಹೊಡೆಯುವಂಥದೋ ಬಿಡುವಂಥದೋ ಎಷ್ಟು ಬೇಗ ಗೊತ್ತಾಗುತ್ತದೋ ಅಷ್ಟು ಬೇಗ ಗಟ್ಟಿಯಾಗಿ ಹೇಳುವುದು. ಒಳ್ಳೆಯದಕ್ಕೆ ‘ಸ್ಟ್ರೈಕ್’, ಕೆಟ್ಟದ್ದಕ್ಕೆ ‘ಬಾಲ್’. ಅರ್ಧ ದಿನ ರಜೆ ಹಾಕಿ ಅವರ ಶಾಲೆಯ ಮೈದಾನಕ್ಕೆ ಹೋದೆ. ಅವರ ಕೋಚ್ ಒಪ್ಪಿಗೆ ಕೊಟ್ಟಿದ್ದರು. ತಂದೆ ಬೇಕೆಂದೇ ವುಡ್‌ಲ್ಯಾಂಡ್ ಹಿಲ್ಸಿನ ಆಫೀಸಿನಲ್ಲೇ ಉಳಿದರು, ಈ ಸಲ ಮಗನಿಗೆ ಹೇಳಿ. ಕ್ಯಾಮೆರಾ ಬಲೆಯ ಹಿಂದೆ, ಸಣ್ಣ ಮೈಕ್ ಹುಡುಗನ ಕಾಲರಿಗೆ.

ಮೊದಲು ಎಲ್ಲವೂ ಎಡವಟ್ಟು. ‘ಬಾಲ್’ ಎಂದು ಅವನು ಹೇಳುವಷ್ಟರಲ್ಲಿ ಚೆಂಡು ಕ್ಯಾಚರ್ ಕೈಗವಸಿನಲ್ಲಿ ಕೂತಿರುತ್ತಿತ್ತು. ಅಷ್ಟು ತಡವಾಗಿ ಹೇಳುವುದಕ್ಕೆ ಕಣ್ಣೇ ಬೇಕಾಗಿಲ್ಲ. ಮತ್ತೆ ಮಾಡಿಸಿದೆ, ಮತ್ತೂ ತಡ. ಅವನ ಮುಖ ಕೆಂಪಾಯಿತು. ಬಾಯಿಯವರೆಗೆ ಏನೋ ಬಂದು ಅಲ್ಲಿ ತಿರುಗಿ ಇನ್ನೊಂದಾಗಿ ಹೊರಬೀಳುವ ಹಾಗೆ ಕಾಣುತ್ತಿತ್ತು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ವರದಿ ಬರೆಯುವ ನನಗೆ ಆ ತಡ ಚೆನ್ನಾಗಿ ಗೊತ್ತು. ಆಟ ನಿಲ್ಲಿಸಿ ಹತ್ತಿರ ಹೋದೆ.

‘ಬಾಲ್, ಸ್ಟ್ರೈಕ್ ಎಲ್ಲ ಮರೆತುಬಿಡು. ಚೆಂಡು ನೋಡಿದ ತಕ್ಷಣ ನಿನ್ನ ಮನಸ್ಸಲ್ಲಿ ಏನ್ ಬರುತ್ತೋ ಅದನ್ನೇ ಹೇಳು.’

ಅವನು ಕ್ಯಾಚರ್ ಕಡೆ ಒಮ್ಮೆ ನೋಡಿ, ನಾಚಿಕೊಂಡು, ತಲೆಯಾಡಿಸಿದ.

ಪಿಚರ್ ಎಸೆದ.

‘ಬಿಡೂ.’

ಆ ಹುಡುಗನ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ಮಾತು. ಅಮೆರಿಕದ ರಾಗ ಸೇರಿ ಕೊನೆಗೆ ಉದ್ದವಾಗಿತ್ತು. ಚೆಂಡು ಇನ್ನೂ ಅರ್ಧ ದಾರಿಯನ್ನೂ ದಾಟಿರಲಿಲ್ಲ. ಅದು ಬೆರಳಷ್ಟು ಆಚೆ ಹೋಗಿ ಬಿತ್ತು. ಮುಂದಿನದಕ್ಕೆ ‘ಹೂಂ’ ಅಂದ, ನಟ್ಟನಡುವೆ ಬಂತು. ಮತ್ತೆ ‘ಬಿಡೂ’. ಸೊಂಟದ ಎತ್ತರಕ್ಕೆ ಬಂದಂತೆ ಕಾಣುತ್ತಿದ್ದ ಚೆಂಡು ಕೊನೆಯಲ್ಲಿ ಕಾಲ ಬುಡಕ್ಕೆ ಇಳಿದು ಹೋಯಿತು. ಪಿಚರ್ ಬೇರೆ ಬೇರೆ ಥರ ತಿರುಗಿಸಿ ನೋಡಿದ. ಹುಡುಗ ಅಲ್ಲೊಂದು ಇಲ್ಲೊಂದು ತಪ್ಪಿದ, ಉಳಿದದ್ದೆಲ್ಲ ಸರಿ. ಕೊನೆಕೊನೆಗೆ ಕ್ಯಾಚರ್ ಹುಡುಗನೂ ನಗುತ್ತ ತಾನೂ ‘ಬಿಡೂ, ಬಿಡೂ’ ಅನ್ನತೊಡಗಿದ್ದ. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಕ್ಯಾಮೆರಾ ಅಲ್ಲಾಡಬಾರದೆಂದು ತಡೆದುಕೊಂಡೆ.

‘ಆಟದ ಹೊತ್ತಿಗೆ ಅಪ್ಪ ಕೂಗೋದು ಕೇಳಿಸುತ್ತಾ ನಿನಗೆ?’ ಎಂದೆ ಮೈಕ್ ಬಿಚ್ಚುತ್ತ.

‘ಶೂರ್. ಬಟ್ ಡ್ಯಾಡ್ ಈಸ್ ಆಲ್ವೇಸ್ ಲೇಟ್’ ಎಂದ. ಯಾವಾಗಲಾದರೂ ಬೇಗ ಕೂಗಿದರೆ ಎಂದು ಕೇಳಿದ್ದಕ್ಕೆ ಭುಜ ಕುಣಿಸಿದ, ಅಷ್ಟೆ.

ವಿಡಿಯೋ ಕಳಿಸಿದ ಮೇಲೆ ಹಿರಿಯರ ಫೋನ್ ತಡವಾಗಲಿಲ್ಲ. ಅವತ್ತು ಬೀಜ ಅಗಿಯುವ ಸದ್ದಿರಲಿಲ್ಲ. ‘ಆ ಮಾತಿಗೆ ಏನರ್ಥ ಅಂದೆ ನೀನು?’

ಈ ಸಲ ನಾನು ಯೋಚಿಸಿಟ್ಟುಕೊಂಡಿದ್ದೆ. ‘ನೋಡಿದೆ, ಇದು ನನ್ನದಲ್ಲ, ಹೋಗಲಿ ಅಂತ ಅರ್ಥ.’

‘ಅಷ್ಟೆಲ್ಲ ಒಂದೇ ಮಾತಿನಲ್ಲಾ?’

‘ನಮ್ಮ ಭಾಷೆಯಲ್ಲಿ ಆಗುತ್ತೆ.’

ಅವರು ನಕ್ಕರು. ‘ಸರಿ, ಅವನನ್ನು ಸ್ಯಾನ್ ಡಿಯಾಗೋಗೆ ಕರೆಸುತ್ತೇನೆ. ಆದರೆ ಅಪ್ಪನೂ ಬರಬೇಕು. ಬಲೆಯ ಹಿಂದೆ ನಿಂತು ಗಂಟಲು ಹರಿಯುವ ಹಾಗೆ ಕೂಗಬೇಕು. ಗಲಾಟೆಯಲ್ಲಿ ಅವನ ಕಣ್ಣು ಎಲ್ಲಿರುತ್ತೆ ಅಂತ ನಾನು ನೋಡಬೇಕು.’

ಸ್ಯಾನ್ ಡಿಯಾಗೋದಲ್ಲಿ ಅವತ್ತು ಸಮುದ್ರದ ಕಡೆಯ ಬೂದು ಮೋಡ ಮೈದಾನದ ಮೇಲೆಯೇ ಕೂತಿತ್ತು. ಅಂಥ ತೇವದ ಗಾಳಿಯಲ್ಲಿ ಚೆಂಡು ದೂರ ಹಾರುವುದಿಲ್ಲ. ಎಸೆಯುತ್ತಿದ್ದವರು ಶಾಲೆಯ ಹುಡುಗರಲ್ಲ, ಕ್ಲಬ್ಬಿನ ಕೆಳಗಿನ ತಂಡಗಳ ಬೆಳೆದ ಗಂಡಸರು. ನಮ್ಮವನಿಗಿಂತ ಮೊದಲು ಬಂದ ಹುಡುಗರು, ಮೈಕಟ್ಟಿನಲ್ಲಿ ಅವನ ಒಂದೂವರೆಯಷ್ಟಿದ್ದವರು, ಗಾಳಿಗೆ ಬ್ಯಾಟ್ ಬೀಸಿ ಬೀಸಿ ಹೋದರು.

‘ಅಕ್ಕಾರ, ಕೂಗು ಅಂದ್ರ ದನಿ ಹೊರಡವಲ್ದು’ ಎಂದರು ತಂದೆ.

‘ನೀವು ಎಂದಿನ ಹಾಗೇ ಇರಿ ಸಾರ್. ಅವನಿಗೆ ಅದೇ ಅಭ್ಯಾಸ.’

ಹುಡುಗ ಮೊದಲ ಸಲ ಬಂದಾಗ ಅಪ್ಪನ ‘ಬಿಡು’ ಕೆಮ್ಮಿದ ಹಾಗೆ ಕೇಳಿಸಿತು. ಹುಡುಗ ಬಿಡಬೇಕಾದ್ದನ್ನೆಲ್ಲ ಬಿಟ್ಟು, ಬ್ಯಾಟನ್ನು ನೆಲಕ್ಕಿಟ್ಟು, ನಡೆದುಕೊಂಡೇ ಮೊದಲ ಬೇಸಿಗೆ ಹೋದ. ಹಿರಿಯರು ಮುಂದಿನ ಪಿಚರ್ ಕಡೆ ಕಣ್ಣು ತಿರುಗಿಸಿದರು. ಬಿಟ್ಟಿದ್ದಷ್ಟೇ ಅವರಿಗೆ ಸಾಲದು ಎಂದು ನನಗೂ ಗೊತ್ತಿತ್ತು, ಅದಕ್ಕೆ ಇನ್ನೂ ಅಪ್ಪನ ಹೆಸರು ಹೇಳಬಹುದಿತ್ತು.

ಎರಡನೇ ಸಲ ಬಂದಾಗ ಎಸೆಯುತ್ತಿದ್ದವನು ಅವತ್ತಿನ ಪಿಚರುಗಳಲ್ಲೆಲ್ಲ ಬಲಿಷ್ಠ. ಹುಡುಗನಿಗೆ ಎರಡು ಸ್ಟ್ರೈಕ್ ಬಿದ್ದವು, ಮೂರನೆಯದು ಬಿದ್ದರೆ ಔಟ್. ಒಂದೊಂದಾಗಿ ಮೂರು ಬಿಟ್ಟ. ಇನ್ನೊಂದು ಬಿಟ್ಟು ಅದು ಕೆಟ್ಟ ಚೆಂಡಾದರೆ ಮತ್ತೆ ನಡಿಗೆ, ಒಳ್ಳೆಯದಾದರೆ ಔಟ್. ಅಷ್ಟು ಹೊತ್ತಿಗೆ ತಂದೆಗೆ ದನಿ ವಾಪಸ್ಸು ಬಂದಿತ್ತು. ಪಿಚರ್ ತೋಳು ಬೀಸಿದ. ಚೆಂಡು ಹುಡುಗನ ಭುಜಕ್ಕಿಂತ ಮೇಲೆ ಹೊರಟಿತು.

‘ಬಿಡೋ, ಬಿಡೋ!’

ಈ ಸಲ ಅಪ್ಪ ಲೇಟಾಗಿರಲಿಲ್ಲ. ಮೈದಾನದ ಆ ತುದಿಗೂ ಕೇಳಿಸಿರಬೇಕು. ನನಗೂ ಅದು ಬಿಡುವ ಚೆಂಡೇ ಅನ್ನಿಸಿತ್ತು, ಹಿಂದಿನಿಂದ ನೋಡುವವರಿಗೆ ಕಾಣುವುದು ಎತ್ತರ ಮಾತ್ರ. ಎದುರು ನಿಂತವನಿಗೆ ಚೆಂಡಿನ ಸುತ್ತುವಿಕೆ ಕಂಡಿತ್ತು. ಅವನು ಕಾದ. ಚೆಂಡು ಎತ್ತರದಿಂದ ಬಾಗಿ, ಇಳಿದು, ಪ್ಲೇಟಿನ ಮೇಲೆ ಬಂತು. ಹುಡುಗ ಬೀಸಿದ.

ಸದ್ದಿನಲ್ಲೇ ಗೊತ್ತಾಯಿತು. ಆ ಭಾರದ ಗಾಳಿಯನ್ನು ಸೀಳಿಕೊಂಡು ಚೆಂಡು ಎಡಗಡೆಯ ಬೇಲಿಯ ಆಚೆ ಬಿತ್ತು. ಅವತ್ತು ಬೇಲಿ ದಾಟಿದ್ದು ಅದೊಂದೇ. ಹುಡುಗ ತಲೆ ತಗ್ಗಿಸಿಕೊಂಡು ಓಡುತ್ತಿದ್ದ, ನಗುವನ್ನು ಅಡಗಿಸಲು ಆಗುತ್ತಿರಲಿಲ್ಲ.

ಹಿರಿಯರು ನನ್ನ ಕಡೆ ತಿರುಗಿದರು. ‘ಅಪ್ಪ ಈಗ ಏನಂದ?’

‘ಬಿಡು ಅಂದರು.’

ಅವರು ಇನ್ನೊಂದು ಹಿಡಿ ಬೀಜ ಬಾಯಿಗೆ ಹಾಕಿಕೊಂಡು ಸಾವಕಾಶ ಅಗಿದರು. ‘ಡ್ರಾಫ್ಟ್ ದಿನ ಫೋನ್ ಹತ್ತಿರ ಇಟ್ಟುಕೊಂಡಿರಲಿ ಅಂತ ಆ ಮನೆಯವರಿಗೆ ಹೇಳು. ಇವನನ್ನು ಬೇರೆಯವರಿಗೆ ಕೊಡುವ ಯೋಚನೆ ನನಗಿಲ್ಲ.’ ಕೊಡಲೂ ಇಲ್ಲ. ಜೂನಿನಲ್ಲಿ, ಕ್ಲಬ್ಬುಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಆ ಡ್ರಾಫ್ಟಿನಲ್ಲಿ, ನಮ್ಮ ಕ್ಲಬ್ಬೇ ಹುಡುಗನ ಹೆಸರು ಕೂಗಿತು.

ಆದರೆ ಅವತ್ತು ನಾನು ಆ ಸುದ್ದಿ ಹೊತ್ತುಕೊಂಡು ಓಡಿದಾಗ ತಂದೆಗೆ ನನ್ನ ಮಾತು ಕಿವಿಗೇ ಬೀಳಲಿಲ್ಲ. ಎರಡೂ ಕೈಯಿಂದ ಬಲೆ ಹಿಡಿದುಕೊಂಡು, ಬೇಸುಗಳನ್ನೆಲ್ಲ ಸುತ್ತಿ ಬಂದ ಮಗನನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗಿರಲಿಲ್ಲ.

‘ನೋಡಿದ್ರೇನ್ರಿ ಅಕ್ಕಾರ?’ ಎಂದರು. ‘ನನ್ನ ಮಗಾ ನನ್ನ ಮಾತು ಕೇಳಲೇ ಇಲ್ಲ.’

ಆಮೇಲೆ ಪಕ್ಕದಲ್ಲಿ ನಿಂತಿದ್ದ, ಗುರುತು ಪರಿಚಯವಿಲ್ಲದ ಇನ್ನೊಬ್ಬ ಹುಡುಗನ ಅಪ್ಪನ ತೋಳು ಹಿಡಿದು, ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದರು.